ಸೂಜಿಯೋ, ಎಣ್ಣೆಯೋ, ವ್ಯಾಯಾಮವೋ: ಮಲೆನಾಡಿನ ನೋವಿಗೆ ಮೊದಲು ಎಲ್ಲಿಗೆ ಹೋಗೋದು?

ಹೋದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. ಮೇಗರವಳ್ಳಿಯಿಂದ ಇನ್ನೂ ಒಳಗೆ ಅವರ ಮನೆ. ಸಿಗ್ನಲ್ ಸಿಗಬೇಕಾದರೆ ಮಳೆಯಲ್ಲೂ ಅಂಗಳದ ತುದಿಗೆ ಬರಬೇಕು. ಹಾಗಾಗಿ ಅವರು ಫೋನ್ ಮಾಡಿದರು ಅಂದರೆ ಏನೋ ವಿಷಯ ಇದೆ ಅಂತಲೇ ಅರ್ಥ. "ಕುತ್ತಿಗೆಗೆ ಸೂಜಿ ಚುಚ್ಚಿಸ್ಕೊಂಡು ವಾಸಿಯಾಯ್ತಂತೆ, ಹೌದಾ ಮಾರಾಯ? ನನ್ನ ಮಂಡಿಗೂ ಮಾಡಿಸ್ಲಾ?"

ಹೌದು ಅನ್ನಲಿಕ್ಕೂ ಆಗಲಿಲ್ಲ, ಬೇಡ ಅನ್ನಲಿಕ್ಕೂ ಆಗಲಿಲ್ಲ. ನನ್ನ ಕುತ್ತಿಗೆ ಬೇರೆ, ಅವರ ಮಂಡಿ ಬೇರೆ. ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಕ್ಲಿನಿಕ್ಕಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಅವರು ತೀರ್ಥಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಅರವತ್ತು ಕಿಲೋಮೀಟರಿಗೆ ಇನ್ನೊಂದು ಬಸ್ಸು ಹಿಡಿಯಬೇಕು. "ಯೋಚನೆ ಮಾಡಿ ಹೇಳ್ತೀನಿ" ಅಂದೆ. ಆ ಯೋಚನೆಯೇ ಇದು. ಮೊದಲ ಸಲ ಅಕ್ಯುಪಂಕ್ಚರ್, ಅಂದರೆ ಈ ಸೂಜಿ ಚಿಕಿತ್ಸೆ, ಮಾಡಿಸಬೇಕು ಅಂದುಕೊಂಡಿರುವ ಬೇರೆಯವರಿಗೂ ಉಪಯೋಗ ಆಗಬಹುದು.

ನೋವಿಗೆ ಹೆಸರು ಸಿಕ್ಕಿದೆಯಾ?

ಯಾವ ಚಿಕಿತ್ಸೆ ಒಳ್ಳೆಯದು ಅನ್ನೋದಕ್ಕೆ ಮುಂಚೆ ಇದನ್ನು ಕೇಳಿಕೊಳ್ಳಿ: ಈ ನೋವು ಏನು ಅಂತ ಯಾರಾದರೂ ಡಾಕ್ಟರ್ ನೋಡಿ ಹೇಳಿದ್ದಾರಾ? ಎಡಭುಜದಿಂದ ಕೈಗೆ ಇಳಿಯುವ ನೋವು ಹೃದಯದ್ದೂ ಆಗಿರಬಹುದು. ಬಿದ್ದ ಮೇಲೆ ಶುರುವಾದ ನೋವಿಗೆ ಮೊದಲು ಎಕ್ಸ್‌ರೇ ಬೇಕು. ಸೊಂಟನೋವಿನ ಜೊತೆ ಕಾಲಿನ ಬಲ ಹೋಗಿದೆ, ಮೂತ್ರ ಗೊತ್ತಾಗದೆ ಹೋಗುತ್ತಿದೆ ಅಂದರೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಬಾಯಿ ಸೊಟ್ಟಗಾದಾಗ ಸೂಜಿಯವರ ಹತ್ತಿರವೋ ನಾಟಿ ವೈದ್ಯರ ಹತ್ತಿರವೋ ಮೊದಲು ಹೋಗುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅದು ಪಾರ್ಶ್ವವಾಯು ಆಗಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಸುಮಾರು 4.5 ಗಂಟೆ. ಬರೀ ಮುಖದ ನರದ ತೊಂದರೆ ಆಗಿದ್ದರೂ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಗುಣ ಜಾಸ್ತಿ. ಸೂಜಿ ಆಮೇಲೆ ಬೇಕಾದರೆ ಆಗಲಿ.

ಇನ್ನೊಂದು ಮಾತು ಮಲೆನಾಡಿನವರಿಗೇ ಅಂತ. ಡಿಸೆಂಬರ್‌ನಿಂದ ಮೇ ತನಕ ಜೋರು ಜ್ವರ, ತಲೆನೋವು, ಮೈಯೆಲ್ಲ ಮುರಿದ ಹಾಗೆ ನೋವು ಬಂದರೆ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಮಳೆಗಾಲದಲ್ಲಾದರೆ ಡೆಂಗಿ, ಇಲಿಜ್ವರ. ಇವುಗಳಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತ ನಿಲ್ಲದೆ ಹೋಗಬಹುದು. ಅಂಥ ಮೈಗೆ ಸೂಜಿ ಹಾಕಿಸಬಾರದು. "ಮೈಕೈ ನೋವಿಗೆ ಸೂಜಿ ಒಳ್ಳೇದಂತೆ" ಅನ್ನುವ ಮಾತನ್ನು ಜ್ವರದ ದಿನ ನಂಬಬೇಡಿ.

ಆ ಸೂಜಿ ಅಂದರೆ ಏನು?

ಇಂಜೆಕ್ಷನ್ ಸೂಜಿ ನೆನಪು ಮಾಡಿಕೊಂಡು ಹೆದರುವವರೇ ಜಾಸ್ತಿ. ಇದು ಬೇರೆ. ಒಳಗೆ ತೂತಿಲ್ಲ, ಔಷಧಿ ಹೋಗುವುದಿಲ್ಲ. ದಪ್ಪ ಸುಮಾರು 0.25 ಮಿಲಿಮೀಟರ್. ಲ್ಯಾಬಿನಲ್ಲಿ ರಕ್ತ ತೆಗೆಯಲು ಬಳಸುವ ಸೂಜಿ ಸಾಮಾನ್ಯವಾಗಿ 0.8 ಮಿಲಿಮೀಟರ್ ಇರುತ್ತದೆ. ಅದರ ಮುಂದೆ ಇದು ಕೂದಲ ಎಳೆ. ಸಣ್ಣ ಪ್ಲಾಸ್ಟಿಕ್ ನಳಿಗೆಯ ಒಳಗಿಟ್ಟು ಬೆರಳಿನಿಂದ ಟಕ್ ಅಂತ ತಟ್ಟುತ್ತಾರೆ. ಇರುವೆ ಕಚ್ಚಿದಷ್ಟು. ಆಮೇಲೆ ಸೂಜಿ ಇರುವ ಜಾಗ ಭಾರವಾದ ಹಾಗೆ, ಜುಮ್ ಅಂದ ಹಾಗೆ ಆಗುತ್ತದೆ. ಅದು ಆಗಬೇಕಾದ್ದೇ. ಶಾಕ್ ಹೊಡೆದ ಹಾಗೆ ಚುರುಕ್ ಅಂದರೆ ಮಾತ್ರ ತಕ್ಷಣ ಹೇಳಿ, ನರಕ್ಕೆ ತಗುಲಿರಬಹುದು.

20ರಿಂದ 30 ನಿಮಿಷ ಹಾಗೇ ಮಲಗಿಸುತ್ತಾರೆ. ಕೆಲವರು ಸೂಜಿಗೆ ಕ್ಲಿಪ್ ಹಾಕಿ ಸಣ್ಣ ಕರೆಂಟ್ ಕೊಡುತ್ತಾರೆ. ಕೆಲವರು ಮೋಕ್ಸಾ ಅಂತ ಒಂದು ಒಣಸೊಪ್ಪಿನ ಕಡ್ಡಿ ಹಚ್ಚಿ ಕಾವು ಹಿಡಿಯುತ್ತಾರೆ. ಗಣಪತಿಗೆ ಏರಿಸುವ ಮಾಚಿಪತ್ರೆಯ ಜಾತಿಯ ಗಿಡ ಅದು. ಮೊದಲ ದಿನ ಆ ಹೊಗೆ ಮೂಗಿಗೆ ಬಂದಾಗ ನನಗೆ ಚೌತಿ ನೆನಪಾಯಿತು.

ನೋವಿರುವುದು ಕುತ್ತಿಗೆಯಲ್ಲಿ, ಸೂಜಿ ಹಾಕಿದ್ದು ಕೈಗೂ ಕಾಲಿಗೂ! ಚೀನಾದವರ ಪ್ರಕಾರ 'ಚಿ' ಅನ್ನುವ ಶಕ್ತಿ 14 ದಾರಿಗಳಲ್ಲಿ ಹರಿಯುತ್ತದೆ, 361 ಬಿಂದುಗಳಿವೆ. ಇಂದಿನ ವಿಜ್ಞಾನದ ಪ್ರಕಾರ ಸೂಜಿ ನರಗಳನ್ನು ಕೆಣಕುತ್ತದೆ, ಮಿದುಳು ತನ್ನದೇ ನೋವುನಿವಾರಕವನ್ನು ಬಿಡುತ್ತದೆ. ನನಗೆ ಎರಡನೆಯದು ನಂಬುವ ಹಾಗಿದೆ. ಅಂದ ಹಾಗೆ ಇದು ನಮ್ಮ ದೇಶಕ್ಕೆ ಬಂದು ಜಾಸ್ತಿ ಕಾಲ ಆಗಿಲ್ಲ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಹೆಸರು ಎಲ್ಲರಿಗೂ ಗೊತ್ತು. ಅದೇ ತಂಡದಲ್ಲಿದ್ದ ಬಿಜೋಯ್ ಕುಮಾರ್ ಬಸು ಮುಂದೆ ಮತ್ತೆ ಅಲ್ಲಿಗೆ ಹೋಗಿ ಕಲಿತು ಬಂದು 1959ರಲ್ಲಿ ಇಲ್ಲಿ ಶುರು ಮಾಡಿದರು.

ಕೆಲಸ ಮಾಡುತ್ತಾ?

ಜರ್ಮನಿಯಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಫಲಿತಾಂಶ ಬಂದಿದ್ದು 2007ರಲ್ಲಿ. ಬಹಳ ಕಾಲದಿಂದ ಸೊಂಟನೋವಿದ್ದ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರದ ಪ್ರಕಾರ ಸೂಜಿ. ಇನ್ನೊಂದಕ್ಕೆ ಬಿಂದುಗಳಲ್ಲದ ಜಾಗದಲ್ಲಿ, ಆಳಕ್ಕೆ ಹೋಗದ ಹಾಗೆ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ಮೇಲೆ ನೋಡಿದಾಗ ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4 ಜನರಿಗೆ ಗುಣ ಕಂಡಿತ್ತು.

ಈ ಮೂರು ಅಂಕಿಗಳನ್ನು ಇಟ್ಟುಕೊಂಡು ಎರಡು ಕಡೆಯವರೂ ಜಗಳ ಆಡುತ್ತಾರೆ. ಸೂಜಿ ಗೆದ್ದಿತು ಅಂತ ಒಬ್ಬರು. ಎಲ್ಲಿ ಚುಚ್ಚಿದರೂ ಒಂದೇ, ಅಂದಮೇಲೆ ಅದು ಮನಸ್ಸಿನ ಸಮಾಧಾನ ಅಂತ ಇನ್ನೊಬ್ಬರು. ರೋಗಿಯಾಗಿ ನನಗೆ ಅದರಲ್ಲಿ ಕಂಡದ್ದು ಬೇರೆ. "ಈ ಗುಟ್ಟಿನ ಬಿಂದು ಗೊತ್ತಿರೋದು ನಮಗೊಬ್ಬರಿಗೇ" ಅನ್ನುವವರ ಹಿಂದೆ ದೂರದೂರಿಗೆ ಹೋಗಬೇಕಾಗಿಲ್ಲ. ಹತ್ತಿರದಲ್ಲಿ, ಶುದ್ಧವಾಗಿ, ಸಮಾಧಾನದಿಂದ ಮಾಡುವವರು ಸಿಕ್ಕರೆ ಸಾಕು.

ಸರ್ಕಾರಗಳಿಗೂ ಒಮ್ಮತ ಇಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಅಂತು. 2021ರಲ್ಲಿ ಕಾರಣ ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಾಡುವ ನೋವಿಗೆ ಒಂದು ಸರದಿ ನೋಡಬಹುದು ಅಂತು. 2022ರಲ್ಲಿ ಮಂಡಿ ಸವೆತಕ್ಕೆ ಬೇಡ, ವ್ಯಾಯಾಮ ಮಾಡಿಸಿ ಅಂತು. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ 2020ರಿಂದ ಹಳೆಯ ಸೊಂಟನೋವಿಗೆ ದುಡ್ಡು ಕೊಡುತ್ತಿದೆ. 90 ದಿನದಲ್ಲಿ 12 ಸಲ. ಗುಣ ಕಂಡರೆ ಇನ್ನು 8. ಕಾಣದಿದ್ದರೆ ಬಂದ್. ಆ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ನಿಲ್ಲಿಸುವ ದಿನ ಮೊದಲೇ ಗೊತ್ತಿರಬೇಕು, ಅಲ್ವಾ? ಪದೇ ಪದೇ ಬರುವ ಅರೆತಲೆನೋವನ್ನು ಕಡಿಮೆ ಮಾಡುವ ವಿಷಯದಲ್ಲೂ ಸೂಜಿಯ ಪರವಾಗಿ ಒಳ್ಳೆಯ ಆಧಾರ ಇದೆ.

ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ಎಲ್ಲ ಬರೆದು, ಕೆಳಗೆ 'ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ' ಅಂತ ಹಾಕಿದ ಫ್ಲೆಕ್ಸ್ ನೋಡಿದರೆ ಅಲ್ಲಿಂದ ಹೊರಡಿ. ಆ ಸಂಸ್ಥೆ 2003ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟು ಮಾಡಿ ಒಂದು ವರದಿ ತಂದಿತ್ತು, ನಿಜ. ಅದು ಗ್ಯಾರಂಟಿ ಕಾರ್ಡ್ ಅಲ್ಲ. ಇನ್ಸುಲಿನ್ ನಿಲ್ಲಿಸಿ ಅನ್ನುವವರ ಬಗ್ಗೆಯಂತೂ ಮಾತೇ ಬೇಡ.

ಎಲ್ಲಿ ಮಾಡಿಸೋದು, ಅಥವಾ ಬೇರೆ ಏನು ಮಾಡಿಸೋದು?

ಮಲೆನಾಡಿನಲ್ಲಿ ಚಿಕಿತ್ಸೆಯ ನಿಜವಾದ ಖರ್ಚು ಫೀಸಲ್ಲ, ಓಡಾಟ. ಸೂಜಿ ಚಿಕಿತ್ಸೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ ಒಂದೋ ಎರಡೋ ಸಲದಂತೆ ಆರರಿಂದ ಹನ್ನೆರಡು ಸಲ. ನಾನು ಒಂದು ಸಲಕ್ಕೆ 500 ರೂಪಾಯಿಯಂತೆ ಆರು ಸಲ ಕೊಟ್ಟೆ, ಮುಗಿಯಿತು. ಚಿಕ್ಕಮ್ಮನಿಗೆ ಅದೇ ಆರು ಸಲ ಅಂದರೆ ಆರು ಇಡೀ ದಿನ, ಇಪ್ಪತ್ತನಾಲ್ಕು ಬಸ್ಸು. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಅಷ್ಟು ಸಲ ಬಸ್ಸಿನ ಮೆಟ್ಟಿಲು ಹತ್ತಿ ಇಳಿದರೆ ಸೂಜಿ ಕೊಟ್ಟ ಗುಣವನ್ನು ಬಸ್ಸೇ ವಾಪಸ್ ಪಡೆಯುತ್ತದೆ.

ಪೇಟೆಯ ಕ್ಲಿನಿಕ್ ಹತ್ತಿರ ಇರುವವರಿಗೆ ಸರಿ. ಯಾರು ಮಾಡುತ್ತಾರೆ ಅನ್ನೋದನ್ನು ಮಾತ್ರ ನೋಡಿ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದಲ್ಲಿ ಐದೂವರೆ ವರ್ಷದ ಬಿಎನ್‌ವೈಎಸ್ ಓದಿದವರಿಗೆ ಅಕ್ಯುಪಂಕ್ಚರ್ ಪಾಠದಲ್ಲೇ ಇರುತ್ತದೆ. ಎಂಬಿಬಿಎಸ್ ಆಗಿ ಆಮೇಲೆ ಇದನ್ನು ಕಲಿತವರೂ ಇದ್ದಾರೆ. ಅಂಗರಚನೆ ಓದಿದ ಕೈ ಅದು, ಪಕ್ಕೆಲುಬಿನ ಕೆಳಗೆ ಶ್ವಾಸಕೋಶ ಎಷ್ಟು ಆಳದಲ್ಲಿದೆ ಅಂತ ಗೊತ್ತಿರುತ್ತದೆ. ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನವಾಗಿ ಒಪ್ಪಿತು, 2019ರಲ್ಲಿ ಪ್ರತ್ಯೇಕ ಪದ್ಧತಿಯಾಗಿ ಮಾನ್ಯ ಮಾಡಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳಲ್ಲಿ ಇದಕ್ಕೇ ಕಾಯ್ದೆ ಇದೆ. ಆದರೆ ಕೆಲವು ವಾರಾಂತ್ಯದ ತರಗತಿಗೆ ಹೋಗಿ ಬಂದವರೂ ಬೋರ್ಡಿನಲ್ಲಿ 'ಡಾ.' ಅಂತ ಬರೆಸಿಕೊಳ್ಳುತ್ತಾರೆ. ಏನು ಓದಿದ್ದೀರಿ ಅಂತ ಕೇಳಿ. ಗೋಡೆಯ ಮೇಲೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ಕಾಯ್ದೆಯ ನೋಂದಣಿ ಪತ್ರ ಇದೆಯಾ ನೋಡಿ. ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಲ್ಲೇ ಉಳಿದು ಮಾಡಿಸುವುದು ಇನ್ನೊಂದು ದಾರಿ. ಧರ್ಮಸ್ಥಳದ ಶಾಂತಿವನ, ಉಡುಪಿ ಹತ್ತಿರ ಪರೀಕದ ಸೌಖ್ಯವನ ನಮಗೆಲ್ಲ ಗೊತ್ತಿರುವ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳು. ಓಡಾಟ ಒಂದೇ ಸಲ. ಸೂಜಿಯ ಜೊತೆ ಮಸಾಜು, ಯೋಗ, ಉಪ್ಪು ಖಾರ ಕಡಿಮೆಯ ಊಟ. ಹತ್ತು ದಿನ ಹಾಗಿದ್ದರೆ ಯಾರಿಗಾದರೂ ಹಗುರ ಅನ್ನಿಸುತ್ತದೆ. ಸೂಜಿಯಿಂದ ಆಯಿತೋ, ಮೊಬೈಲ್ ಬಿಟ್ಟು ಮಲಗಿದ್ದರಿಂದ ಆಯಿತೋ ಹೇಳುವುದು ಕಷ್ಟ. ಬಿಡುವಿದ್ದವರಿಗೆ ಇದು ಚೆನ್ನ. ಕೊಟ್ಟಿಗೆಯಲ್ಲಿ ಕರೆಯುವ ಹಸು ಇದ್ದವರಿಗೆ ಹತ್ತು ದಿನ ಎಲ್ಲಿಂದ ಬರಬೇಕು?

ಫಿಸಿಯೋಥೆರಪಿಯನ್ನು ನಮ್ಮ ಜನ 'ಕರೆಂಟ್ ಕೊಡೋದು' ಅಂತ ತಿಳಿದಿದ್ದಾರೆ. ಅಲ್ಲಿಯ ಅಸಲಿ ಸರಕು ವ್ಯಾಯಾಮ. ಎರಡು ಮೂರು ಸಲ ಹೋಗಿ ಸರಿಯಾಗಿ ಕಲಿತರೆ ಉಳಿದದ್ದನ್ನು ಮನೆಯ ಜಗಲಿಯಲ್ಲೇ ಮಾಡಬಹುದು. ದೂರದವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ತೊಂದರೆ ಏನಂದರೆ ನಾವು ಮಾಡುವುದಿಲ್ಲ. ಮೂರು ದಿನ ಮಾಡಿ ಬಿಟ್ಟು, ಫಿಸಿಯೋ ಉಪಯೋಗ ಇಲ್ಲ ಅಂತೀವಿ. ಕೆಲವು ಫಿಸಿಯೋಗಳು ಡ್ರೈ ನೀಡ್ಲಿಂಗ್ ಕೂಡ ಮಾಡುತ್ತಾರೆ. ಸೂಜಿ ಅದೇ, ಲೆಕ್ಕ ಬೇರೆ. ಬಿಂದು, ಶಕ್ತಿಯ ದಾರಿ ಏನೂ ಇಲ್ಲ. ಮಾಂಸಖಂಡದಲ್ಲಿ ಗಂಟು ಕಟ್ಟಿದ ಜಾಗ ಹುಡುಕಿ ಅಲ್ಲಿಗೇ ಚುಚ್ಚುತ್ತಾರೆ. ಖಂಡ ಪಟ್ ಅಂತ ಹಾರುತ್ತದೆ. ಎರಡು ದಿನ ನೋವಿರುತ್ತದೆ, ಅಕ್ಯುಪಂಕ್ಚರ್‌ಗಿಂತ ಇದು ಒರಟು. ರಾತ್ರಿಯೆಲ್ಲ ಮೆಟ್ಟುಗತ್ತಿ ಮೇಲೆ ಬಗ್ಗಿ ಕೂತು ಅಡಿಕೆ ಸುಲಿದು ಹೆಗಲು ಕಲ್ಲಾದವರಿಗೆ ಹೊಂದಬಹುದು.

ಆಯುರ್ವೇದ ನಮಗೆ ಹತ್ತಿರದ್ದು. ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಜಾನುಬಸ್ತಿ ಮಾಡಿಸಿಕೊಂಡವರು ಹಿತವಾಗಿತ್ತು ಅಂತಾರೆ. ಅದಕ್ಕೂ ಸಾಮಾನ್ಯವಾಗಿ ದಿನಾ ಒಂದು ವಾರ ಹೋಗಬೇಕು.

ಇನ್ನು ಶಿಬಿರಗಳು. ಅಂಗೈಗೆ ಮೆಂತ್ಯಕಾಳು ಅಂಟಿಸುವ ಸುಜೋಕ್ ಕೊರಿಯಾದಿಂದ ಬಂದದ್ದು, ಅಪಾಯ ಏನಿಲ್ಲ. ಬೆರಳಿನಿಂದ ಒತ್ತುವ ಅಕ್ಯುಪ್ರೆಶರ್ ಕೂಡ ಹಾಗೇ. ಸೂಜಿಗೆ ಹೆದರುವವರು ನೋಡಬಹುದು, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸೂಜಿಯ ಶಿಬಿರದ ವಿಷಯ ಬೇರೆ. ನಾನು ಮೊದಲು ಹೋಗಿದ್ದು ಅಂಥದ್ದಕ್ಕೇ. ಒಂದು ಕಲ್ಯಾಣ ಮಂಟಪ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಕೂತವರ ತಲೆಯಲ್ಲೆಲ್ಲ ಸೂಜಿ. ನನ್ನ ಮುಂದಿನವರಿಗೆ ತೆಗೆದ ಸೂಜಿಗಳನ್ನು ಸ್ಟೀಲ್ ತಟ್ಟೆಗೆ ಹಾಕಿ ಸ್ಪಿರಿಟ್ ಸುರಿದರು. "ಹೊಸದು ತೆಗೀರಿ" ಅಂದೆ. "ಸ್ಪಿರಿಟ್ ಹಾಕಿದ್ದೀವಲ್ಲ ಸಾರ್" ಅಂದರು. ಎದ್ದು ಬಂದೆ. ಹೆಪಟೈಟಿಸ್ ಬಿ ವೈರಸ್ ಸ್ಪಿರಿಟ್ಟಿಗೆಲ್ಲ ಸುಮ್ನೆ ಹೆದರುವ ಜಾತಿಯದ್ದಲ್ಲ. ಒಂದು ಸೂಜಿ ಒಬ್ಬರಿಗೆ, ಒಂದೇ ಸಲ. ಪ್ಯಾಕೆಟ್ ನಿಮ್ಮೆದುರೇ ಹರಿಯಬೇಕು. ತೆಗೆದ ಸೂಜಿ ಬಿಳಿಯ ಗಟ್ಟಿ ಡಬ್ಬಕ್ಕೆ ಬೀಳಬೇಕು, 2016ರ ಆಸ್ಪತ್ರೆ ತ್ಯಾಜ್ಯದ ನಿಯಮವೇ ಹಾಗಿದೆ.

ನಾಟಿ ಔಷಧಿಯ ಬಗ್ಗೆ ಒಂದೇ ಮಾತು. ಒಂದೇ ದಿನದಲ್ಲಿ ಮಂಡಿನೋವು ಮಾಯ ಮಾಡುವ ಹೆಸರಿಲ್ಲದ ಪುಡಿ ಕೊಟ್ಟರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಪಡಿ.

ಮೊದಲ ದಿನ

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ, ತಲೆ ಸುತ್ತುತ್ತದೆ. ಒಂದು ದೋಸೆಯಾದರೂ ತಿಂದಿರಿ. ಮೊಣಕಾಲು, ಮೊಣಕೈ ತನಕ ಸರಿಸಬಹುದಾದ ಬಟ್ಟೆ ಇರಲಿ. ಕೂರುವುದಕ್ಕಿಂತ ಮಲಗಿ ಹಾಕಿಸಿಕೊಳ್ಳುವುದು ಒಳ್ಳೆಯದು. ಎಷ್ಟು ಸೂಜಿ ಹಾಕಿದರು ಅಂತ ಎಣಿಸಿ, ತೆಗೆಯುವಾಗ ಮತ್ತೆ ಎಣಿಸಿ. ನನಗೆ ಒಮ್ಮೆ ಕಿವಿಯ ಹಿಂದಿನ ಒಂದು ಹಾಗೇ ಉಳಿದಿತ್ತು, ನಾನೇ ಹೇಳಿದೆ. ಡಾಕ್ಟರೂ ನಕ್ಕರು, ನಾನೂ ನಕ್ಕೆ. ಆದರೆ ಹೆಲ್ಮೆಟ್ ಹಾಕಿಕೊಂಡಿದ್ದರೆ ನಗು ಬರುತ್ತಿರಲಿಲ್ಲ.

ಕೇಳದಿದ್ದರೂ ಹೇಳಬೇಕಾದ ವಿಷಯಗಳಿವೆ. ಎಕೋಸ್ಪ್ರಿನ್, ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ. ಸೂಜಿಗಾಗಿ ಅದನ್ನು ನೀವೇ ನಿಲ್ಲಿಸಬೇಡಿ. ಪೇಸ್‌ಮೇಕರ್ ಇದ್ದರೆ ಕರೆಂಟ್ ಕೊಡಿಸಿಕೊಳ್ಳಬಾರದು. ಬಸುರಿಯಾಗಿದ್ದರೆ ಹೇಳಲೇಬೇಕು, ಹೆಬ್ಬೆರಳು ತೋರುಬೆರಳ ನಡುವಿನ ಬಿಂದುವಿನಂಥ ಕೆಲವನ್ನು ಆಗ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಅಲ್ಲಿಗೆ ಸೂಜಿಯೂ ಬೇಡ, ಮೋಕ್ಸಾದ ಕಾವೂ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.

ಸರಿಯಾದ ಕೈಯಲ್ಲಿ ಅಪಾಯ ಕಡಿಮೆ. 2001ರಲ್ಲಿ ಬ್ರಿಟನ್ನಿನಲ್ಲಿ 34 ಸಾವಿರಕ್ಕೂ ಹೆಚ್ಚು ಸಲದ ಚಿಕಿತ್ಸೆಯನ್ನು ಲೆಕ್ಕ ಹಾಕಿದಾಗ ಗಂಭೀರ ತೊಂದರೆ ಒಂದೂ ವರದಿಯಾಗಲಿಲ್ಲ. ಚುಚ್ಚಿದ ಜಾಗ ಸ್ವಲ್ಪ ನೀಲಿಗಟ್ಟುವುದು, ಒಂದು ಹನಿ ರಕ್ತ, ಅವತ್ತು ಸಂಜೆ ಸುಸ್ತು, ಇವು ಮಾಮೂಲು. ಆದರೆ ಭುಜ, ಎದೆ, ಬೆನ್ನಿನ ಮೇಲ್ಭಾಗಕ್ಕೆ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಕಾಯಬೇಡಿ. ಅಪರೂಪಕ್ಕೆ ಸೂಜಿ ಶ್ವಾಸಕೋಶಕ್ಕೆ ತಗುಲುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೋ, ಹತ್ತಿರದ ಯಾವುದೋ, ತುರ್ತು ವಿಭಾಗಕ್ಕೆ ಹೋಗಿ ಸೂಜಿ ಹಾಕಿಸಿಕೊಂಡದ್ದನ್ನೂ ಹೇಳಿ.

ನನ್ನ ಕುತ್ತಿಗೆಯ ಕಥೆ ಹೇಳಿಬಿಡುತ್ತೇನೆ. ಮೊದಲ ಎರಡು ಸಲ ಏನೂ ಆಗಲಿಲ್ಲ. ಮೂರನೆಯದರ ಮೇಲೆ ರಾತ್ರಿ ನಿದ್ದೆ ಬಂತು. ಐದರ ಹೊತ್ತಿಗೆ ಸ್ಕೂಟರಿನಲ್ಲಿ ಹಿಂದೆ ತಿರುಗಿ ನೋಡುವ ಹಾಗಾಯಿತು. ಅದರ ನಡುವೆ ಆಫೀಸಿನ ಕಂಪ್ಯೂಟರನ್ನು ಎರಡು ದಪ್ಪ ಲೆಡ್ಜರ್ ಮೇಲೆ ಇಟ್ಟು ಎತ್ತರ ಮಾಡಿದ್ದೆ. ಯಾವುದರಿಂದ ವಾಸಿಯಾಯಿತು ಅಂತ ಪ್ರಮಾಣ ಮಾಡಿ ಹೇಳಲಾರೆ. ಆರನೆಯ ದಿನ ಡಾಕ್ಟರೇ "ಇನ್ನು ಸಾಕು" ಅಂದರು. ನಾನು ಇನ್ನೊಬ್ಬರಿಗೆ ಅವರ ವಿಳಾಸ ಕೊಡುವುದು ಆ ಒಂದು ಮಾತಿಗೆ.

ಚಿಕ್ಕಮ್ಮನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಲು ಸಿಗ್ನಲ್ ಬಿಡಲಿಲ್ಲ. ಎಕ್ಸ್‌ರೇಯಲ್ಲಿ ನಿಮಗೆ ಮಂಡಿ ಸವೆತ ಅಂತ ಬಂದಿದೆ, ಎಕೋಸ್ಪ್ರಿನ್ ತಗೊಳ್ತೀರಿ, ಬಸ್ಸು ಎರಡು. ಹಾಗಾಗಿ ಮೊದಲು ತೀರ್ಥಹಳ್ಳಿಯಲ್ಲೇ ಫಿಸಿಯೋ ಹತ್ತಿರ ಎರಡು ಸಲ ಹೋಗಿ ತೊಡೆಗೆ ಬಲ ಬರುವ ವ್ಯಾಯಾಮ ಕಲೀರಿ, ಹಾಲು ಕರೆಯೋಕೆ ಎತ್ತರದ ಸ್ಟೂಲ್ ಮಾಡಿಸಿ, ಆರು ವಾರ ನೋಡೋಣ ಅಂದೆ. ಸೂಜಿ ಬೇಕೇ ಬೇಕು ಅಂದರೆ ಮೂರು ವಾರ ನಮ್ಮನೆಯಲ್ಲೇ ಇರಿ, ಆರು ಸಲ ನಾನೇ ಕರ್ಕೊಂಡು ಹೋಗ್ತೀನಿ ಅಂತಲೂ ಅಂದೆ.

"ಸ್ಟೂಲ್ ಮಾಡಿಸ್ತೀನಿ" ಅಂದರು. ಆ ಕಡೆ ಮಳೆಯ ಸದ್ದು. "ಮಂಡಿ ಬಗ್ಗದಿದ್ರೆ ದೀಪಾವಳಿ ಕಳೆದು ನಿನ್ನ ಮನೆಗೆ ಬರ್ತೀನಿ. ಆದ್ರೆ ಆ ಮೂರು ವಾರ ಕೊಟ್ಟಿಗೆ ನೋಡ್ಕೊಳ್ಳೋಕೆ ನೀನು ಇಲ್ಲಿಗೆ ಬಾ ಮಾರಾಯ."